ಎರ್ಮಿನಿಯಳ ತಪ್ಪಿಗೆ ಐದಕ್ಕೈದು

ಎರ್ಮಿನಿಯಳನ್ನು ಕಾಲೇಜಿಗೆ ಸೇರಿಸಿದ್ದು ನಾನೇ. ಅವಳ ಅರ್ಜಿ ತುಂಬಿದ್ದು ನಾನು. ಫೀಸು ಮಾಫಿ ಕೊಡುವ ಕಿಟಕಿಯ ಮುಂದೆ ಅವಳ ಪರವಾಗಿ ಎರಡು ಗಂಟೆ ನಿಂತು ಜಗಳವಾಡಿದವಳೂ ನಾನೇ. ಯಾಕೆ ಸೇರಿಸಿದೆ ಎಂದು ಆಗ ಯಾರಾದರೂ ಕೇಳಿದ್ದರೆ, ಪಾಪ, ಅವಳೂ ಉದ್ಧಾರವಾಗಲಿ ಎಂದು ಹೇಳುತ್ತಿದ್ದೆ. ಅದು ಸುಳ್ಳು. ತರಗತಿಯಲ್ಲಿ ನನಗಿಂತ ದಡ್ಡಿಯೊಬ್ಬಳು ಪಕ್ಕದಲ್ಲಿ ಕೂತಿರಲಿ ಎಂದು ಸೇರಿಸಿದ್ದೆ.

ಅವಳು ನನ್ನ ಕೊಮಾದ್ರೆ. ನನ್ನ ಮಗ ಉಲಿಸೆಸ್‌ನ ಜ್ಞಾನಸ್ನಾನದ ದಿನ ಅವನನ್ನು ಎತ್ತಿ ಹಿಡಿದು ಧರ್ಮತಾಯಿಯಾದವಳು. ಮೆಕ್ಸಿಕೋದ ನಮ್ಮ ಕಡೆ ಈ ನಂಟು ಒಡಹುಟ್ಟಿಗಿಂತ ಒಂದು ಗೇಣು ಮೇಲೆ. ಅಕ್ಕತಂಗಿಯರು ಮಾತು ಬಿಡಬಹುದು, ಕೊಮಾದ್ರೆಯರು ಬಿಡುವಂತಿಲ್ಲ. ನನ್ನ ಹೆಸರು ದೊಮಿತಿಲ. ವಯಸ್ಸು ನಲವತ್ತಾರು, ಅವಳಿಗೆ ಮೂವತ್ತೊಂಬತ್ತು. ನಾನು ಒಬ್ಬರೇ ಮೇಷ್ಟ್ರಿದ್ದ ಬೆಟ್ಟದ ಹಳ್ಳಿಯ ಶಾಲೆಯಲ್ಲಿ ಆರನೆಯ ತರಗತಿ ಮುಗಿಸಿದವಳು. ಅವಳು ಮೂರಕ್ಕೇ ಬಿಟ್ಟವಳು. ಆ ಮೂರು ತರಗತಿಯ ಅಂತರ ನನಗೆ ದೊಡ್ಡದಾಗಿತ್ತು.

ಕ್ಯಾಲಿಫೋರ್ನಿಯದ ಈ ಕಣಿವೆಯಲ್ಲಿ ಹತ್ತೊಂಬತ್ತು ವರ್ಷದಿಂದ ಕಿತ್ತಳೆ ತೊಳೆದು, ಆರಿಸಿ, ಪೆಟ್ಟಿಗೆಗೆ ತುಂಬುವ ಷೆಡ್ಡಿನಲ್ಲಿ ದುಡಿಯುತ್ತಿದ್ದೇನೆ. ಬೆಳಗಿನ ಐದಕ್ಕೆ ಹಣ್ಣು ಸಾಗಿಸುವ ಬೆಲ್ಟು ಶುರು, ಒಂದೂವರೆಗೆ ನಿಲ್ಲುತ್ತದೆ. ಬೆರಳಿನ ಗಿಣ್ಣುಗಳು ಈಗಾಗಲೇ ಶುಂಠಿಯಂತಾಗಿವೆ. ಅದಕ್ಕೇ ನರ್ಸ್ ಆಗಬೇಕೆಂದು ಹೊರಟದ್ದು. ದೊಡ್ಡವರ ಶಾಲೆಯಲ್ಲಿ ಹೈಸ್ಕೂಲು ಮುಗಿಸಿದೆ, ಆಮೇಲೆ ನಮ್ಮ ಕಮ್ಯುನಿಟಿ ಕಾಲೇಜಿನಲ್ಲಿ ಜೀವವಿಜ್ಞಾನ ಹಿಡಿದೆ. ನರ್ಸಿಂಗ್ ಸೇರಲು ಮೂರು ವಿಷಯ ಪಾಸಾಗಬೇಕು. ದೇಹದ ರಚನೆ ಆಯಿತು. ದೇಹದ ಕೆಲಸ ಆಯಿತು. ಉಳಿದದ್ದು ಕಣ್ಣಿಗೆ ಕಾಣದ ಜೀವಿಗಳ ಪಾಠ ಒಂದೇ.

ಅದನ್ನು ಎರಡು ಸಲ ಕೆಡಿಸಿಕೊಂಡಿದ್ದೆ. ಮೊದಲ ಸಲ ಅತ್ತೆಯ ಕಾಯಿಲೆ. ಎರಡನೆಯ ಸಲ ಅಂದಿನ ಮೇಷ್ಟ್ರ ಜೊತೆ ಜಗಳವಾಡಿ, ಅರ್ಧದಲ್ಲೇ ಪುಸ್ತಕ ಮೇಜಿನ ಮೇಲೆ ಕುಕ್ಕಿ ಎದ್ದು ಬಂದೆ. ನಮ್ಮ ಕಾಲೇಜಿನ ನಿಯಮ ಹೀಗೆ: ಒಂದು ವಿಷಯವನ್ನು ಮೂರು ಸಲ ಮಾತ್ರ ತೆಗೆದುಕೊಳ್ಳಬಹುದು, ನಡುವೆ ಬಿಟ್ಟದ್ದೂ ಒಂದು ಸಲವೇ. ಈ ಸಲ ನೂರಕ್ಕೆ ಎಪ್ಪತ್ತು ಬರದಿದ್ದರೆ ಇಲ್ಲಿ ನನ್ನ ಬಾಗಿಲು ಮುಚ್ಚಿದಂತೆ. ನನ್ನ ಹಿಂದೆಯೇ ದೊಡ್ಡವರ ಶಾಲೆ ಮುಗಿಸಿ ಬಂದ ಎರ್ಮಿನಿಯಳಿಗೆ ಇದು ಮೊದಲ ಸಲ.

ಮೊದಲ ತಿಂಗಳು ಎಲ್ಲ ನಾನು ಬಯಸಿದಂತೆಯೇ ಇತ್ತು. "ಕೊಮಾದ್ರೆ, ಈ ಪದ ಹೆಂಗೆ ಬರೀತಾರೆ? ಕೊಮಾದ್ರೆ, ಇದು ಏನು ಅಂದಂಗಾಯ್ತು?" ಎಂದು ಅವಳು ಕೇಳುತ್ತಿದ್ದಳು. ನಾನು ನಿಟ್ಟುಸಿರು ಬಿಟ್ಟು ಹೇಳಿಕೊಡುತ್ತಿದ್ದೆ. ಆ ನಿಟ್ಟುಸಿರಿನ ಸುಖವೇ ಬೇರೆ.

ಆಮೇಲೆ ಲ್ಯಾಬಿನ ಕೆಲಸ ಶುರುವಾಯಿತು.

ಗಾಜಿನಂಥ ಪುಟ್ಟ ತಟ್ಟೆಯಲ್ಲಿ ಜೆಲ್ಲಿ ಹಾಕಿರುತ್ತಾರೆ. ತಂತಿಯ ಕುಣಿಕೆಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಬ್ಯಾಕ್ಟೀರಿಯ ಇರುವ ಕೊಳವೆಗೆ ಮುಟ್ಟಿಸಿ, ಜೆಲ್ಲಿಯ ಮೇಲೆ ಗೆರೆ ಎಳೆಯಬೇಕು. ತಟ್ಟೆ ತಿರುಗಿಸಿ ಮತ್ತೆ ಎಳೆಯಬೇಕು, ಮತ್ತೆ ತಿರುಗಿಸಿ ಮತ್ತೆ. ಕೊನೆಯ ಗೆರೆಗೆ ಬರುವಷ್ಟರಲ್ಲಿ ಜೀವಿಗಳು ತೆಳುವಾಗಿ, ಒಂದೊಂದೂ ಬೇರೆ ಬೇರೆ ಚುಕ್ಕೆಯಾಗಿ ಬೆಳೆಯಬೇಕು. ನನ್ನ ಕೈಯಲ್ಲಿ ಜೆಲ್ಲಿ ಕಿತ್ತು ಬರುತ್ತಿತ್ತು. ತಟ್ಟೆ ನೋಡಿದರೆ ಕೋಳಿ ಕೆದರಿದ ಅಂಗಳ. ಎರ್ಮಿನಿಯಳ ತಟ್ಟೆಯಲ್ಲಿ ಚುಕ್ಕೆಗಳು ಮಣಿ ಪೋಣಿಸಿದಂತೆ ಕೂತಿದ್ದವು.

ವಾಂಗ್ ಮೇಷ್ಟ್ರು ಅದನ್ನು ಬೆಳಕಿಗೆ ಎತ್ತಿ ಹಿಡಿದರು. ಲಾವೋಸಿನ ಬೆಟ್ಟದ ಜನ ಅವರು, ಕುಳ್ಳಗಿನ ಮನುಷ್ಯ, ಹೊಗಳಿಕೆಯಲ್ಲಿ ಬಹಳ ಜಿಪುಣ.

"ಇದು ಯಾರದ್ದು?"

"ನಂದು ಸಾರ್. ಏನಾದ್ರೂ ತಪ್ಪಾಯ್ತಾ?" ಎಂದಳು ಎರ್ಮಿನಿಯ.

"ಹನ್ನೆರಡು ವರ್ಷದಿಂದ ಪಾಠ ಮಾಡ್ತಿದೀನಿ. ಮೊದಲನೇ ಸಲಕ್ಕೇ ಇಂಥ ತಟ್ಟೆ ಮೂರೋ ನಾಲ್ಕೋ ನೋಡಿರಬಹುದು. ಎಲ್ಲರೂ ಬನ್ರಿ, ನೋಡಿ."

ಎಲ್ಲರೂ ಹೋಗಿ ನೋಡಿದರು. ಹತ್ತೊಂಬತ್ತರ ಹುಡುಗಿಯರು ಫೋನಿನಲ್ಲಿ ಚಿತ್ರ ತೆಗೆದುಕೊಂಡರು. ನಾನೂ ಹೋಗಿ ನಕ್ಕೆ. ನಗುವಾಗ ನನ್ನ ದವಡೆ ನೋಯಿತು.

ಅಂದು ವ್ಯಾನಿನಲ್ಲಿ ಮನೆಗೆ ಬರುವಾಗ ಕೇಳಿದೆ. ವ್ಯಾನು ನನ್ನದು, ಎರ್ಮಿನಿಯಳಿಗೆ ಗಾಡಿ ಬರುವುದಿಲ್ಲ.

"ಎಲ್ಲಿ ಕಲ್ತೆ ಅದನ್ನ?"

"ಕಲಿಯೋದೇನು ಬಂತು ಕೊಮಾದ್ರೆ? ತಂತಿ ಆರೋ ತನಕ ಕಾಯ್ತೀನಿ, ಅಷ್ಟೇ. ನಿಂಗೆ ತಾಳ್ಮೆ ಇಲ್ಲ."

"ನನ್ ತಾಳ್ಮೆ ವಿಷ್ಯ ನೀನು ಹೇಳ್ಬೇಡ."

"ನೋಡು, ಈಗ್ಲೂ ಇಲ್ಲ," ಎಂದು ನಕ್ಕಳು.

ನಾವಿಬ್ಬರೂ ದುಡಿಯುವ ಷೆಡ್ಡಿಗೂ ಸುದ್ದಿ ಹೋಯಿತು. ನಾನು ಐದು ವರ್ಷದಿಂದ ಕಾಲೇಜಿಗೆ ಹೋಗುತ್ತಿದ್ದರೂ ಅಲ್ಲಿ ಯಾರೂ ನನಗೆ ಹೆಸರಿಟ್ಟಿರಲಿಲ್ಲ. ಅವಳಿಗೆ ಮೂರನೆಯ ತಿಂಗಳಿಗೇ 'ಡಾಕ್ಟರಮ್ಮ' ಎಂದು ಹೆಸರು ಬಿತ್ತು. "ಡಾಕ್ಟರಮ್ಮಾ, ನನ್ ಸೊಂಟ ನೋಡೇ!" "ಡಾಕ್ಟರಮ್ಮಾ, ಈ ಕಿತ್ತಳೆಗೆ ಜ್ವರ ಇದ್ಯಾ ನೋಡೇ!" ಬೆಲ್ಟಿನ ಆಚೆಯಿಂದ ಒಬ್ಬಳು ನನ್ನನ್ನು ತೋರಿಸಿ, "ಇವಳು ಡಾಕ್ಟರಮ್ಮನ ಡ್ರೈವರು," ಎಂದಳು. ಎಲ್ಲರೂ ನಕ್ಕರು. ಕೈಯಲ್ಲಿದ್ದ ಕೊಳೆತ ಹಣ್ಣನ್ನು ಅವಳ ಏಪ್ರನ್ನಿಗೆ ಗುರಿಯಿಟ್ಟು ಎಸೆದೆ. ಗುರಿ ತಪ್ಪಲಿಲ್ಲ. ಅದಕ್ಕೆ ಮೇಲ್ವಿಚಾರಕನಿಂದ ಬೈಸಿಕೊಂಡೆ.

ಮಾರ್ಚಿನಲ್ಲಿ ಗುಟ್ಟಿನ ಕೊಳವೆಗಳು ಬಂದವು. ಈ ಪಾಠದ ಪ್ರಾಣವೇ ಅದು. ಪ್ರತಿಯೊಬ್ಬರಿಗೂ ಒಂದು ಕೊಳವೆ, ಅದರ ಮೇಲೆ ಬರೀ ಒಂದು ಸಂಖ್ಯೆ. ಒಳಗೆ ಯಾವ ಬ್ಯಾಕ್ಟೀರಿಯ ಇದೆ ಎಂದು ಆರು ವಾರದಲ್ಲಿ ನಾವೇ ಪರೀಕ್ಷೆ ಮಾಡಿ ಕಂಡುಹಿಡಿದು ವರದಿ ಬರೆಯಬೇಕು. ಇಪ್ಪತ್ತೈದು ಅಂಕ. ಇನ್ನೊಬ್ಬರ ಕೊಳವೆ, ತಟ್ಟೆ ಮುಟ್ಟುವಂತಿಲ್ಲ.

ಮೊದಲ ದಿನ ಎಲ್ಲರೂ ಗೆರೆ ಎಳೆದು ತಟ್ಟೆಗಳನ್ನು ಕಾವುಪೆಟ್ಟಿಗೆಯಲ್ಲಿಟ್ಟರು. ತಟ್ಟೆಯನ್ನು ಯಾವಾಗಲೂ ಬೋರಲು ಇಡಬೇಕು, ಮುಚ್ಚಳ ಕೆಳಗೆ, ಜೆಲ್ಲಿ ಮೇಲೆ. ಕಾವಿಗೆ ಜೆಲ್ಲಿ ಬೆವರುತ್ತದೆ. ನೆಟ್ಟಗೆ ಇಟ್ಟರೆ ಮುಚ್ಚಳದಲ್ಲಿ ಹನಿ ಕಟ್ಟಿ, ಚುಕ್ಕೆಗಳ ಮೇಲೆ ಬಿದ್ದು, ಎಲ್ಲ ಕಲಸಿ ಗಂಜಿಯಾಗುತ್ತದೆ. ಮೊದಲ ವಾರವೇ ಕಲಿಸುವ ಪಾಠ ಅದು.

ಕೊನೆಗೆ ಉಳಿದವಳು ನಾನು. ನನ್ನ ಕಿತ್ತುಹೋದ ಜೆಲ್ಲಿಯ ತಟ್ಟೆಯನ್ನು ಇಡಲು ಪೆಟ್ಟಿಗೆಯ ಬಾಗಿಲು ತೆಗೆದೆ. ಮೇಲುಗಡೆಯೇ ಎರ್ಮಿನಿಯಳ ತಟ್ಟೆ ಬೋರಲಾಗಿ ಕೂತಿತ್ತು. ಮೂರನೆಯ ತರಗತಿಯ ಆ ಸೊಟ್ಟ ಅಕ್ಷರದಲ್ಲಿ ಹೆಸರು ಬರೆದಿತ್ತು. ಒಳಗೆ ಗೆರೆಗಳು ಬಾಚಿದ ಕೂದಲಿನಂತೆ.

ಕೈ ತಾನಾಗಿ ಹೋಯಿತು ಎಂದು ಬರೆಯಬಹುದಿತ್ತು. ಹಾಗೇನೂ ಆಗಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿದೆ. ಯಾರೂ ಇರಲಿಲ್ಲ. ಆಮೇಲೆ ಅವಳ ತಟ್ಟೆಯನ್ನು ಮಗುಚಿ ನೆಟ್ಟಗೆ ಇಟ್ಟೆ.

ಎರಡು ದಿನದ ಮೇಲೆ ಲ್ಯಾಬಿಗೆ ಹೋದಾಗ ಅವಳು ತಟ್ಟೆ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಚುಕ್ಕೆಗಳು ಒಂದರ ಮೇಲೊಂದು ಹರಿದು, ನೀರು ಬಿದ್ದ ಕಾಗದದ ಶಾಯಿಯಂತಾಗಿದ್ದವು.

"ನಾನು ಬೋರಲೇ ಇಟ್ಟಿದ್ದೆ ಅನ್ಸುತ್ತೆ ಕೊಮಾದ್ರೆ. ಇಟ್ಟಿದ್ನಲ್ಲ? ನೀನು ನೋಡಿದ್ಯಾ?"

"ನಾನ್ಯಾಕೆ ನಿನ್ ತಟ್ಟೆ ನೋಡ್ಲಿ? ನಂದೇ ನಂಗೆ ಹಾಸಿ ಹೊದೆಯೋವಷ್ಟಿದೆ."

"ಇಟ್ಟಿದ್ದೆ ಅಂತ ಕೈಗೆ ಗೊತ್ತು. ಆದ್ರೆ ಇಲ್ಲಿ ನೋಡಿದ್ರೆ..." ಎಂದು ಹಣೆ ಒತ್ತಿಕೊಂಡಳು. ಆಮೇಲೆ ವಾಂಗ್ ಮೇಷ್ಟ್ರ ಹತ್ತಿರ ತಾನೇ ಹೋಗಿ, "ಸಾರ್, ಅವಸರದಲ್ಲಿ ತಟ್ಟೆ ತಪ್ಪಾಗಿ ಇಟ್ಬಿಟ್ಟೆ," ಎಂದು ಒಪ್ಪಿಕೊಂಡಳು. ಕೊಳವೆಯಿಂದ ಮೊದಲೇ ಒಂದಿಷ್ಟು ತೆಗೆದು ಬೇರೆ ಇಟ್ಟಿದ್ದಳಂತೆ. ಅದರಿಂದ ಮತ್ತೆ ಗೆರೆ ಎಳೆದಳು. ನಷ್ಟವಾದದ್ದು ಒಂದು ವಾರ ಮಾತ್ರ. ಅಷ್ಟು ಮಾಡಿ ನನಗೆ ಸಿಕ್ಕಿದ್ದೂ ಅಷ್ಟೇ. ಒಂದು ವಾರ ನಾನು ಅವಳಿಗಿಂತ ಮುಂದಿದ್ದೆ.

ಮುಂದಿದ್ದವಳು ಎಲ್ಲಿಗೆ ಹೋದೆ ಎಂಬುದನ್ನೂ ಹೇಳುತ್ತೇನೆ.

ಬ್ಯಾಕ್ಟೀರಿಯವನ್ನು ಸ್ಲೈಡಿಗೆ ಸವರಿ ಬಣ್ಣ ಹಾಕುವುದು ಎಲ್ಲಕ್ಕೂ ಮೊದಲ ಪರೀಕ್ಷೆ. ನೇರಳೆ ಬಣ್ಣ ಹಾಕಬೇಕು, ಅಯೋಡಿನ್ ಹಾಕಬೇಕು, ಸ್ಪಿರಿಟ್ಟಿನಲ್ಲಿ ತೊಳೆಯಬೇಕು, ಆಮೇಲೆ ಕೆಂಪು ಬಣ್ಣ. ಕೆಲವು ಜಾತಿ ನೇರಳೆಯನ್ನು ಬಿಡುವುದಿಲ್ಲ. ಕೆಲವು ಬಿಟ್ಟುಬಿಟ್ಟು ಗುಲಾಬಿಯಾಗುತ್ತವೆ. ಇಲ್ಲಿಂದ ದಾರಿ ಎರಡಾಗಿ ಒಡೆಯುತ್ತದೆ. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪು. ಎಲ್ಲ ಇರುವುದು ಆ ಸ್ಪಿರಿಟ್ಟಿನಲ್ಲಿ, ಕೆಲವೇ ಸೆಕೆಂಡಿನ ಮಾತು. ಹೆಚ್ಚು ತೊಳೆದರೆ ನೇರಳೆಯದೂ ಬಣ್ಣ ಬಿಡುತ್ತದೆ.

ನಾನು ಹತ್ತೊಂಬತ್ತು ವರ್ಷ ಕಿತ್ತಳೆ ತೊಳೆದವಳು. ತೊಳೆದ ನೀರು ತಿಳಿಯಾಗುವ ತನಕ ಕೈ ನಿಲ್ಲುವುದಿಲ್ಲ. ಮೂರು ಸಲ ಬಣ್ಣ ಹಾಕಿದೆ, ಮೂರು ಸಲವೂ ಗುಲಾಬಿ ಬಂತು. ಸರಿ, ಗುಲಾಬಿಯ ದಾರಿ ಹಿಡಿದೆ. ಗುಲಾಬಿ ಜಾತಿ ಮಾತ್ರ ಬೆಳೆಯುವ ಒಂದು ಬಗೆಯ ಜೆಲ್ಲಿ ಇದೆ. ಅದರಲ್ಲಿ ನನ್ನದು ಬೆಳೆಯಲೇ ಇಲ್ಲ. ಜೆಲ್ಲಿ ಹಳಸಿರಬೇಕು ಎಂದು ಬೈದುಕೊಂಡು ಮುಂದೆ ಹೋದೆ.

ಒಂದು ದಿನ ನಾನು ಸಿಂಕಿನ ಮುಂದೆ ಸ್ಲೈಡ್ ತೊಳೆಯುತ್ತಿದ್ದಾಗ ಎರ್ಮಿನಿಯ ಪಕ್ಕದಲ್ಲಿ ಬಂದು ನಿಂತಳು.

"ಕೊಮಾದ್ರೆ, ಬೈಬೇಡ. ನೀನು ತುಂಬಾ ಹೊತ್ತು ತೊಳೀತೀಯ."

"ಏನು?"

"ಸ್ಪಿರಿಟ್ಟು. ಬಣ್ಣ ಇಳಿಯೋದು ನಿಂತ ತಕ್ಷಣ ನಿಲ್ಸ್ಬೇಕು. ನಾನು ಹಿಂದಿಂದ ಎಣಿಸ್ದೆ, ನೀನು ಇಪ್ಪತ್ತೆರಡರ ತನಕ ಹೋದೆ. ನಿಂದು ನೇರಳೆ ಇರ್ಬೋದು."

"ಇನ್ನೊಬ್ರ ಕೆಲ್ಸಕ್ಕೆ ಕೈ ಹಾಕ್ಬಾರ್ದು ಅನ್ನೋ ನಿಯಮ ಗೊತ್ತಿಲ್ವಾ ನಿಂಗೆ?"

"ಕೈ ಹಾಕ್ಲಿಲ್ಲ, ಬಾಯಿ ಹಾಕ್ದೆ. ಇನ್ನೂ ಹತ್ತು ದಿನ ಇದೆ. ಇನ್ನೊಂದ್ಸಲ ಮಾಡಿ ನೋಡೇ, ನಿಂಗೇನು ಗಂಟು ಹೋಗುತ್ತೆ?"

ಅವಳ ಮುಖ ನೋಡಿದೆ. ಬೆವರಿತ್ತು. ನಿಜವಾಗಿ ನನಗೆ ಹೆದರಿ, ಆದರೂ ಹೇಳಲು ಬಂದ ಮುಖ ಅದು. ಈಗ ಹಾಗೆ ಬರೆಯುತ್ತೇನೆ. ಅಂದು ನನಗೆ ಕಂಡದ್ದೇ ಬೇರೆ. ನನ್ನ ಒಂದು ವಾರದ ಮುನ್ನಡೆ ಇವಳ ಕಣ್ಣು ಕುಕ್ಕುತ್ತಿದೆ, ದಾರಿ ತಪ್ಪಿಸಲು ಬಂದಿದ್ದಾಳೆ ಎಂದುಕೊಂಡೆ. ನಾನು ಅವಳ ತಟ್ಟೆ ಮಗುಚಲಿಲ್ಲವೇ? ಅವಳೂ ಏನಾದರೂ ಮಗುಚದೆ ಇರುತ್ತಾಳೆಯೇ? ಕಳ್ಳಿಗೆ ಊರೆಲ್ಲ ಕಳ್ಳರೇ.

"ಮೂರನೇ ಕ್ಲಾಸು ಓದಿದೋಳು ನಂಗೆ ಪಾಠ ಹೇಳೋಕೆ ಬಂದ್ಯಾ?" ಎಂದು ಕೂಗಿದೆ. ಇಡೀ ಲ್ಯಾಬು ತಿರುಗಿತು. "ಅರ್ಜಿ ತುಂಬೋಕೂ ಬರ್ತಿರ್ಲಿಲ್ಲ ನಿಂಗೆ! ನಿನ್ನ ಇಲ್ಲಿಗೆ ಎಳ್ಕೊಂಡು ಬಂದವಳು ನಾನು!"

"ಗೊತ್ತು," ಎಂದಳು ಮೆಲ್ಲಗೆ. "ಅದಕ್ಕೇ ಹೇಳ್ದೆ."

ಮತ್ತೆ ಬಣ್ಣ ಹಾಕಲಿಲ್ಲ. ಹತ್ತು ದಿನವೂ ಹಾಕಲಿಲ್ಲ. ಗುಲಾಬಿ ಎಂದು ಬರೆದು, ಜೀವಿಗೆ ಒಂದು ಹೆಸರನ್ನೂ ಕೊಟ್ಟು ವರದಿ ಒಪ್ಪಿಸಿದೆ.

ಮೇ ತಿಂಗಳ ಮೊದಲ ವಾರ ವರದಿಗಳು ಹಿಂದೆ ಬಂದವು. ನನಗೆ ಇಪ್ಪತ್ತೈದಕ್ಕೆ ಒಂಬತ್ತು. ವಾಂಗ್ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದಿದ್ದರು: 'ನಿಮ್ಮದು ನೇರಳೆ ಜಾತಿ. ಹೆಚ್ಚು ತೊಳೆದಿದ್ದೀರಿ. ಜೆಲ್ಲಿಯಲ್ಲಿ ಬೆಳೆಯದಿದ್ದಾಗಲಾದರೂ ಅನುಮಾನ ಬರಬೇಕಿತ್ತು.' ಉಳಿದ ಅಂಕಗಳ ಜೊತೆ ಕೂಡಿಸಿ ನೋಡಿದೆ. ಕೊನೆಯ ಪರೀಕ್ಷೆಯಲ್ಲಿ ನನಗೆ ಎಂದಿನಂತೆ ಬಂದರೂ ಎಪ್ಪತ್ತಕ್ಕೆ ನಾಲ್ಕು ಕಡಿಮೆ.

ಮೇಷ್ಟ್ರು ಹತ್ತಿರ ಕರೆದರು.

"ವರದಿ ಕೊನೇಲಿ 'ನಡೆದ ತಪ್ಪುಗಳು' ಅಂತ ಒಂದು ಪುಟ ಇದೆ, ಐದು ಅಂಕದ್ದು. ನೀವು ಏನು ಬರ್ದಿದೀರ ನೋಡಿ."

ನೋಡಿದೆ. 'ಯಾವ ತಪ್ಪೂ ನಡೆದಿಲ್ಲ' ಎಂದಿತ್ತು, ಪಕ್ಕದಲ್ಲಿ ಕೆಂಪು ಸೊನ್ನೆ.

"ಆ ಪುಟ ಒಂದನ್ನ ಮತ್ತೆ ಬರೆಯೋಕೆ ಎಲ್ಲರಿಗೂ ಅವಕಾಶ ಕೊಡ್ತೀನಿ. ಗುರುವಾರದೊಳಗೆ ತನ್ನಿ. ಎಲ್ಲಿ ಜಾರಿದ್ರಿ, ಹೇಗೆ ಜಾರಿದ್ರಿ, ಮುಚ್ಚಿಡದೆ ಬರೀರಿ. ವಿಜ್ಞಾನದಲ್ಲಿ ತಪ್ಪಿಗೆ ಅಂಕ ಹೋಗಲ್ಲ, ಮುಚ್ಚಿಟ್ರೆ ಹೋಗುತ್ತೆ."

ಬಾಗಿಲು ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಆ ಸಂಜೆ ಅಡಿಗೆಮನೆಯ ಮೇಜಿನ ಮುಂದೆ ಕೂತು ಒಂದು ಪುಟ ಬರೆದೆ. ಸ್ಪಿರಿಟ್ಟು, ಇಪ್ಪತ್ತೆರಡು ಸೆಕೆಂಡು, ಬೆಳೆಯದ ಜೆಲ್ಲಿ, ಎಲ್ಲ ಬರೆದೆ. ಬರೆಯುವುದು ಇಷ್ಟು ಹಗುರವೇ ಎನಿಸಿತು. ಗುರುವಾರ ಕೊಟ್ಟರೆ ಮುಗಿಯಿತು, ನಾನು ಪಾಸು.

ಬುಧವಾರ ಷೆಡ್ಡಿನ ಊಟದ ಹೊತ್ತಿನಲ್ಲಿ ಎರ್ಮಿನಿಯ ತನ್ನ ವರದಿ ಹಿಡಿದುಕೊಂಡು ಬಂದಳು. ಲ್ಯಾಬಿನಲ್ಲಿ ಕೂಗಾಡಿದ ಮೇಲೆ ವ್ಯಾನಿನಲ್ಲಿ ನಾವು ಬರೀ ಹವಾಮಾನ ಮಾತಾಡುತ್ತಿದ್ದೆವು. ಅವಳೇ ಸೋತು ಬಂದಿದ್ದಳು. ಕಾಗದದಲ್ಲಿ ಸುತ್ತಿದ ನಾಲ್ಕು ತಮಾಲೆ ನನ್ನ ಮುಂದಿಟ್ಟಳು, ಮೆಕ್ಕೆಜೋಳದ ಹಿಟ್ಟಿನ ಕಡುಬು, ಹಂದಿಮಾಂಸ, ಕೆಂಪು ಮೆಣಸಿನಕಾಯಿ ಹಾಕಿದ್ದು. ನನಗೆ ಇಷ್ಟವೆಂದು ಗೊತ್ತು ಅವಳಿಗೆ.

"ತಪ್ಪಿನ ಪುಟ ಬರೀಬೇಕಂತಲ್ಲ ನೀನು. ನಂದು ನೋಡ್ಕೋ ಬೇಕಾದ್ರೆ. ಮೇಷ್ಟ್ರಿಗೆ ಹೆಂಗೆ ಬರೆದ್ರೆ ಹಿಡಿಸುತ್ತೆ ಅಂತ ಗೊತ್ತಾಗುತ್ತೆ."

ತೆರೆದು ನೋಡಿದೆ. ಇಪ್ಪತ್ತೈದಕ್ಕೆ ಇಪ್ಪತ್ತನಾಲ್ಕು. ಕೊನೆಯ ಪುಟದಲ್ಲಿ ಸೊಟ್ಟ ಅಕ್ಷರದಲ್ಲಿ ಹೀಗಿತ್ತು: 'ಮೊದಲ ದಿನ ಅವಸರದಿಂದ ತಟ್ಟೆಯನ್ನು ನೆಟ್ಟಗೆ ಇಟ್ಟೆ. ಹನಿ ಬಿದ್ದು ಕೆಟ್ಟಿತು. ಒಂದು ವಾರ ಹೋಯಿತು. ಈ ತಪ್ಪು ಪೂರ್ತಿ ನನ್ನದು. ಈಗ ಮೂರು ಸಲ ನೋಡಿ ಇಡುತ್ತೇನೆ.' ಅದರ ಪಕ್ಕದಲ್ಲಿ ಕೆಂಪು ಶಾಯಿ: 'ಬಹಳ ಚೆನ್ನಾಗಿದೆ. 5/5.'

ಐದಕ್ಕೈದು! ಅವಳನ್ನು ಬೀಳಿಸಲು ನಾನು ತೋಡಿದ ಗುಂಡಿಯಿಂದಲೂ ಅವಳು ಅಂಕ ಎತ್ತಿಕೊಂಡಿದ್ದಳು. ಕೆಡಿಸಿದ್ದು ನಾನು, ಹೊಗಳಿಸಿಕೊಂಡವಳು ಅವಳು. ನಾನು ಮಾಡಿದ ಕೇಡಾದರೂ ನನ್ನದಾಗಿ ಉಳಿಯಬಾರದೇ?

"ಇದು ನಿನ್ ತಪ್ಪಲ್ಲ," ಎಂದೆ.

"ಯಾವ್ದು?"

"ತಟ್ಟೆ. ನೀನು ಬೋರಲೇ ಇಟ್ಟಿದ್ದೆ. ಮಗುಚಿದೋಳು ನಾನು. ಇದಕ್ಕೆ ನಿಂಗ್ಯಾಕೆ ಐದು ಅಂಕ?"

ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು ಏನು ಹೇಳಿದೆನೆಂದು. ಎರ್ಮಿನಿಯ ಅಗಿಯುವುದನ್ನು ನಿಲ್ಲಿಸಿದಳು.

"ತಮಾಷೆ ಮಾಡ್ತಿದೀಯ."

"ಇಲ್ಲ."

"ಬೇಕಂತಲೇ?"

"ಬೇಕಂತಲೇ."

ವರದಿಯನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಆಮೇಲೆ ಅವಳ ದನಿ ನಡುಗಲು ಶುರುವಾಯಿತು. ಅಳುವಿನ ನಡುಕವಲ್ಲ ಅದು.

"ನಮ್ಮಮ್ಮಂಗೆ ಐವತ್ತಕ್ಕೇ ತಲೆ ಹೋಯ್ತು, ನಿಂಗೆ ಗೊತ್ತು. ಒಲೆ ಹಚ್ಚಿದ್ದೂ ಮರೀತಿದ್ಲು, ಕೊನೇಗೆ ನನ್ ಹೆಸ್ರೂ ಮರೆತ್ಲು. ತಟ್ಟೆ ಬೋರಲು ಇಟ್ಟಿದ್ದು ಕೈಗೆ ನೆನಪಿತ್ತು ನಂಗೆ. ಆದ್ರೆ ತಟ್ಟೆ ನೆಟ್ಟಗಿತ್ತು. ಎರಡು ತಿಂಗಳಿಂದ, ಎರಡು ತಿಂಗಳು ಕಣೇ, ನನ್ ತಲೇನೂ ಹೋಗ್ತಿದೆ ಅಂತ ಬೀಗ ಹಾಕಿದ್ನಾ, ಗ್ಯಾಸ್ ಆರಿಸಿದ್ನಾ ಅಂತ ಎದ್ದೆದ್ದು ನೋಡ್ತಿದೀನಿ. ರಕ್ತ ಪರೀಕ್ಷೆ ಮಾಡಿಸ್ಕೊಂಡು ಬಂದೆ. ನೀನೇ ವ್ಯಾನಲ್ಲಿ ಬಿಟ್ಟೆ ನನ್ನ ಆಸ್ಪತ್ರೆಗೆ!"

ಬಿಟ್ಟಿದ್ದೆ. ಯಾಕೆ ಎಂದು ಕೇಳಿರಲಿಲ್ಲ.

ತಮಾಲೆ ನಾಲ್ಕನ್ನೂ ಅವಳು ನನ್ನ ಮುಂದಿನಿಂದ ಎತ್ತಿಕೊಂಡಳು. ಒಂದನ್ನು ಆಗಲೇ ಅರ್ಧ ತಿಂದಿದ್ದೆ, ಆ ಅರ್ಧವನ್ನೂ ಬಿಡಲಿಲ್ಲ.

"ನಾನು ಆ ಪುಟದಲ್ಲಿ ಸುಳ್ಳು ಬರ್ದಂಗಾಯ್ತು. ನಾಳೆ ಮೇಷ್ಟ್ರಿಗೆ ಹೇಳ್ತೀನಿ, ಅದು ನನ್ ತಪ್ಪಲ್ಲ, ಅಂಕ ತೆಗೀರಿ ಅಂತ."

"ಹೇಳಿದ್ರೆ ನನ್ ಕಥೆ ಮುಗೀತು. ಇದು ಮೂರನೇ ಸಲ ಅಂತ ಗೊತ್ತಲ್ಲ ನಿಂಗೆ."

"ಗೊತ್ತು," ಎಂದು ಎದ್ದು ಹೋದಳು.

ಮಾರನೆಯ ದಿನ ಇಬ್ಬರೂ ಒಂದೇ ವ್ಯಾನಿನಲ್ಲಿ ಹೋದೆವು. ಇಪ್ಪತ್ತು ಮೈಲಿಯ ದಾರಿ. ನನ್ನ ಚೀಲದಲ್ಲಿ ನಾನು ಬರೆದ ಪುಟ ಇತ್ತು. ಬೇಡಿಕೊಳ್ಳಬಹುದಿತ್ತು. ಕಾಲು ಹಿಡಿದರೆ ಅವಳು ಕರಗುತ್ತಿದ್ದಳು, ಅದೂ ಗೊತ್ತಿತ್ತು. ಆದರೆ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಓಡುತ್ತಿದ್ದ ಚಿತ್ರ ಒಂದೇ: ಎರ್ಮಿನಿಯ ಮೇಷ್ಟ್ರ ಮುಂದೆ ನಿಂತು 'ನನ್ನ ಅಂಕ ತೆಗೀರಿ' ಎನ್ನುತ್ತಾಳೆ, ಮೇಷ್ಟ್ರು ಅವಳ ತಟ್ಟೆ ನೋಡಿದಂತೆಯೇ ಅವಳನ್ನೂ ಬೆಳಕಿಗೆ ಎತ್ತಿ ಹಿಡಿದು ನೋಡುತ್ತಾರೆ. ಅದನ್ನು ನಾನು ಸಹಿಸಲಾರದೆ ಹೋದೆ. ನನ್ನ ತಪ್ಪನ್ನು ಹೇಳಿದ ಪುಣ್ಯವೂ ಅವಳ ಪಾಲಿಗೇ ಹೋಗಬೇಕೇ?

ವ್ಯಾನು ನಿಲ್ಲಿಸಿದ ಕೂಡಲೇ ಇಳಿದು ಓಡಿದೆ. ಅವಳು ಬಾಗಿಲು ತೆಗೆಯುವಷ್ಟರಲ್ಲಿ ನಾನು ಮೆಟ್ಟಿಲ ಮೇಲಿದ್ದೆ. ಅವಳ ಕಾಲು ನನಗಿಂತ ಗಟ್ಟಿ, ಆದರೆ ಅವಳಿಗೆ ಓಟದ ಪಂದ್ಯವಿದೆಯೆಂದೇ ಗೊತ್ತಿರಲಿಲ್ಲ.

ವಾಂಗ್ ಮೇಷ್ಟ್ರು ತಮ್ಮ ಕೋಣೆಯಲ್ಲಿ ಪ್ಲಾಸ್ಟಿಕ್ ಚೀಲದಿಂದ ಅಂಟಂಟು ಅನ್ನದ ಉಂಡೆ ಮಾಡಿ ತಿನ್ನುತ್ತಿದ್ದರು. ಪುಟವನ್ನು ಮೇಜಿನ ಮೇಲಿಟ್ಟು, ಏದುಸಿರಿನಲ್ಲೇ ಹೇಳಿದೆ.

"ಸಾರ್, ಎರ್ಮಿನಿಯ ತಟ್ಟೆ ಕೆಡಿಸಿದ್ದು ನಾನು. ಅವಳು ಸರಿಯಾಗೇ ಇಟ್ಟಿದ್ಲು. ನಾನು ಮಗುಚ್ದೆ."

ಅವರು ಕೈ ಒರೆಸಿಕೊಂಡರು.

"ಯಾಕೆ?"

"ಹೊಟ್ಟೆಕಿಚ್ಚು ಸಾರ್. ಇನ್ನೇನು?"

"ಅವರು ನಿಮ್ಮ ಸ್ನೇಹಿತೆ ಅಲ್ವಾ?"

"ಸ್ನೇಹಿತೆ ಆಗಿದ್ದಕ್ಕೇ. ಗುರುತಿಲ್ಲದೋಳ ತಟ್ಟೆ ಕಟ್ಕೊಂಡು ನಂಗೇನಾಗ್ಬೇಕು?"

ಮೇಷ್ಟ್ರು ನಗಲಿಲ್ಲ. ನನ್ನ ಪುಟವನ್ನು ಎತ್ತಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು.

"ಇದು ಚೆನ್ನಾಗಿ ಬರ್ದಿದೀರ. ಐದು ಅಂಕದ್ದೇ," ಎಂದು ಮೆಲ್ಲಗೆ ಮೇಜಿನ ಮೇಲಿಟ್ಟರು. "ಆದ್ರೆ ಇನ್ನೊಬ್ಬರ ಕೆಲಸ ಕೆಡಿಸಿದ್ರೆ ವರದಿ ಪೂರ್ತಿ ಸೊನ್ನೆ. ಮೊದಲ ದಿನವೇ ಎಲ್ಲರ ಹತ್ರ ಸಹಿ ಹಾಕಿಸ್ಕೊಂಡಿದ್ದೆ. ನೀವೇ ಬಂದು ಹೇಳಿದ್ರಿ ಅಂತ ಮೇಲಿನವರಿಗೆ ಬರೀತೀನಿ, ಕಾಲೇಜಿಂದ ತೆಗೆಯೋದಿಲ್ಲ. ಆದ್ರೆ ಸೊನ್ನೆ ಸೊನ್ನೆಯೇ. ಕೊನೇ ಪರೀಕ್ಷೇಲಿ ಪೂರ್ತಿ ತೆಗೆದ್ರೂ ನಿಮಗೆ ಎಪ್ಪತ್ತು ಮುಟ್ಟೋಕಾಗಲ್ಲ."

"ಲೆಕ್ಕ ಮಾಡ್ಕೊಂಡೇ ಬಂದೆ ಸಾರ್."

"ಇದು ಎಷ್ಟನೇ ಸಲ ನಿಮಗೆ?"

"ಮೂರು."

ಅವರು ಅನ್ನದ ಚೀಲದ ಬಾಯಿ ಕಟ್ಟಿ ಪಕ್ಕಕ್ಕಿಟ್ಟರು.

ಹೊರಗೆ ಬಂದಾಗ ಎರ್ಮಿನಿಯ ಓಣಿಯ ಗೋಡೆಗೆ ಒರಗಿ ನಿಂತಿದ್ದಳು, ವರದಿ ಎದೆಗೊತ್ತಿಕೊಂಡು.

"ನಾನೇ ಹೇಳ್ದೆ. ನೀನು ತಡ ಮಾಡ್ದೆ," ಎಂದೆ.

"ಏನು ಕೊಟ್ರು?"

"ಸೊನ್ನೆ."

ಈಗ ಅಳುತ್ತಾಳೆ, ಅಪ್ಪಿಕೊಳ್ಳುತ್ತಾಳೆ, ಮೇಷ್ಟ್ರ ಹತ್ತಿರ ಹೋಗಿ ನನ್ನ ಪರವಾಗಿ ಬೇಡುತ್ತಾಳೆ, ಅದನ್ನೂ ನಾನು ಸಹಿಸಿಕೊಳ್ಳಬೇಕಾಗುತ್ತದೆ ಎಂದು ಮೈ ಬಿಗಿ ಮಾಡಿಕೊಂಡೆ.

"ಒಳ್ಳೇದಾಯ್ತು," ಎಂದಳು. "ಚೆನ್ನಾಗಾಯ್ತು ನಿಂಗೆ. ಹೊಟ್ಟೆ ತಣ್ಣಗಾಯ್ತು ನಂಗೆ."

ಅವಳ ಮುಖದಲ್ಲಿ ಹಿಂದೆಂದೂ ನೋಡದ ಒಂದು ಕೆಟ್ಟ ಸಂತೋಷವಿತ್ತು. ತುಟಿ ಸೊಟ್ಟಗಾಗಿತ್ತು. ನನ್ನ ತುಟಿ ಎಷ್ಟೋ ಸಲ ಹಾಗಾಗಿರಬೇಕು. ಎರಡು ತಿಂಗಳಲ್ಲಿ ಮೊದಲ ಸಲ ನನಗೆ ಉಸಿರು ಸಲೀಸಾಗಿ ಬಂತು. ಅವಳ ಒಳ್ಳೆಯತನದ ಮುಂದೆ ನಿಲ್ಲಲಾರದವಳು, ಅವಳ ಸಿಟ್ಟಿನ ಮುಂದೆ ಆರಾಮವಾಗಿ ನಿಂತಿದ್ದೆ.

"ನಿನ್ನ ಅಂಕ?" ಎಂದು ಕೇಳಿದೆ.

"ನಾನ್ಯಾಕೆ ವಾಪಸ್ ಕೊಡ್ಲಿ? ಎರಡು ತಿಂಗಳು ತಲೆ ಹೋಯ್ತು ಅಂತ ಹೆದರ್ಕೊಂಡಿದ್ದಕ್ಕೆ ಇರ್ಲಿ ಅದು. ನಿನ್ ಕಡೆಯಿಂದ ಕೂಲಿ."

ಹಿಂದಿರುಗುವಾಗ ಅವಳು ಮುಂದೆ ಕೂರಲಿಲ್ಲ. ಹಿಂದಿನ ಸೀಟಿಗೆ ಹತ್ತಿ ಬಾಗಿಲನ್ನು ದಢಾರನೆ ಎಳೆದುಕೊಂಡಳು. ನಾನು ಬಾಡಿಗೆ ಗಾಡಿಯವಳೆಂಬಂತೆ. ಕಿತ್ತಳೆ ತೋಟಗಳ ನಡುವೆ ಹತ್ತು ಮೈಲಿ ಬಂದ ಮೇಲೆ ಅವಳೇ ಬಾಯಿ ತೆರೆದಳು.

"ಬೆಟ್ಟದ ಕಡೆ ಐವತ್ತು ಮೈಲಿ ದೂರದಲ್ಲಿ ಇನ್ನೊಂದು ಕಾಲೇಜಿದೆ. ಅದು ಬೇರೆ ಜಿಲ್ಲೇದು. ಅಲ್ಲಿ ನಿನ್ ಮೂರು ಸಲ ಲೆಕ್ಕಕ್ಕೆ ಬರಲ್ಲ."

"ಗೊತ್ತು. ಆಗಸ್ಟಿಗೆ ಸೇರ್ಕೋತೀನಿ."

"ಸೇರ್ಕೋ. ನನ್ನ ಜೊತೇಗೆ ಕರೀಬೇಡ."

"ಕರೆಯೋದ್ಯಾಕೆ? ನಿಂಗೆ ಇಲ್ಲೇ ಮುಗೀತಲ್ಲ."

"ಹೂಂ, ಮುಗೀತು," ಎಂದಳು. ಅದರಲ್ಲಿದ್ದ ಹೆಮ್ಮೆಯನ್ನು ಮುಚ್ಚುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

ಕೆಂಪು ದೀಪಕ್ಕೆ ನಿಂತಾಗ ಕನ್ನಡಿಯಲ್ಲಿ ನೋಡಿದೆ. ಎರ್ಮಿನಿಯ ಪುಸ್ತಕ ತೆರೆದು ತೊಡೆಯ ಮೇಲಿಟ್ಟುಕೊಂಡು, ತುಟಿ ಅಲ್ಲಾಡಿಸುತ್ತ ಜೀವಿಗಳ ಹೆಸರು ಬಾಯಿಪಾಠ ಮಾಡುತ್ತಿದ್ದಳು. ಮಂಗಳವಾರ ಅವಳಿಗೆ ಕೊನೆಯ ಪರೀಕ್ಷೆ ಇತ್ತು. ನನಗೆ ಇರಲಿಲ್ಲ. ಎದೆಯಲ್ಲಿ ಮತ್ತೆ ಅದೇ ಹಳೆಯ ಕಿಚ್ಚು ಎದ್ದಿತು. ದೀಪ ಹಸಿರಾಯಿತು. ಹಿಂದಿನ ಲಾರಿಯವನು ಹಾರನ್ ಬಾರಿಸಿದ. ಕಿಟಕಿಯಿಂದ ತಲೆ ಹೊರಹಾಕಿ ಅವನಿಗೆ ನಾಲ್ಕು ಮಾತು ಬೈದು, ಗಾಡಿ ಮುಂದೆ ಬಿಟ್ಟೆ.